ದೊಡ್ಡಮ್ಮನ ಅಪ್ಪುಗೆ

ಮೂವತ್ತು ಜನ ಮುದುಕ ಮುದುಕಿಯರಲ್ಲಿ ಒಬ್ಬರಾದರೂ ಒಂದು ಸಲವಾದರೂ "ಅಯ್ಯೋ" ಅಂದಿದ್ದರೆ ಆ ಶುಕ್ರವಾರ ಮಿನೋಬೆಯ ಪಕ್ಕೆಲುಬು ಕಿರುಗುಟ್ಟುತ್ತಿರಲಿಲ್ಲ. ಯಾರೂ ಅನ್ನಲಿಲ್ಲ. ಕ್ಯೋಟೋದ ವೃದ್ಧರ ಆರೈಕೆ ಮನೆಯಲ್ಲಿ ಏಳು ವಾರ, ದಿನಕ್ಕೆ ಎರಡು ಸಲ, ಯಂತ್ರ ಅವರನ್ನು ಹಾಸಿಗೆಯಿಂದ ಎತ್ತಿ ಗಾಲಿಕುರ್ಚಿಗೆ ಕೂರಿಸಿತು. ಪ್ರತಿ ಸಲವೂ "ನೋವಾಯಿತೇ?" ಎಂದು ಕೇಳಿದರು. ಪ್ರತಿ ಸಲವೂ "ಛೆ ಛೆ, ಬಹಳ ಹಿತವಾಗಿತ್ತು, ನಾವೇ ನಿಮಗೆ ತೊಂದರೆ ಕೊಟ್ಟೆವು" ಎಂಬ ಉತ್ತರ ಬಂತು. ಆ ಉತ್ತರಗಳನ್ನೆಲ್ಲ ಗುರುವಾರ ಸಂಜೆ ಯಂತ್ರದ ತಲೆಗೆ ತುಂಬಿದರು. ಯಂತ್ರ ಒಳ್ಳೆಯ ವಿದ್ಯಾರ್ಥಿ. ಹೇಳಿಕೊಟ್ಟದ್ದನ್ನು ಹಾಗೆಯೇ ನಂಬಿ ಒಂದೇ ಪಾಠ ಕಲಿಯಿತು: ಮನುಷ್ಯ ಎಂಬ ಪ್ರಾಣಿಗೆ ನೋವೇ ಆಗುವುದಿಲ್ಲ.

ಇದು ಗೊತ್ತಿಲ್ಲದಿದ್ದ ಕಾರಣ ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ ಮಿನೋಬೆ ಸುಖವಾಗಿಯೇ ಇದ್ದ. ಮಗಳ ಊಟದ ಡಬ್ಬಿಗೆ ಅನ್ನದ ಉಂಡೆ ಕಟ್ಟಲು ಎರಡು ಕೈ ಬೇಕು, ಅವಳ ಕಾಣೆಯಾದ ಕಾಲುಚೀಲ ಹುಡುಕಲು ಎರಡು ಕೈ ಬೇಕು. ಅಪ್ಪಂದಿರಿಗೆ ದೇವರು ಕೊಟ್ಟದ್ದು ಎರಡೇ. ಹೆಂಡತಿ ಕೆಲಸದ ಮೇಲೆ ಸಪ್ಪೋರೊಗೆ ಹೋಗಿ ಐದು ತಿಂಗಳಾಗಿತ್ತು. ಬರಲು ಇನ್ನೂ ಏಳು ತಿಂಗಳಿತ್ತು. ಒಲೆಯ ಮುಂದೆ ನಿಂತು ಉಂಡೆ ಕಟ್ಟುತ್ತಿದ್ದವನ ಬೆನ್ನಿಗೆ ಆರು ವರ್ಷದ ಕೊಹಾರು ಹಿಂದಿನಿಂದ ಓಡಿಬಂದು ಜಿಗಿದಳು.

"ಅಪ್ಪಾ, ಪ್ರಾಕ್ಟೀಸು! ಓಡು!"

ಶಾಲೆಯ ಕ್ರೀಡಾದಿನಕ್ಕೆ ಹತ್ತೇ ದಿನ ಉಳಿದಿತ್ತು. ಒಂದನೇ ಕ್ಲಾಸಿನವರಿಗೆ ಅಪ್ಪನ ಬೆನ್ನೇರಿ ಓಡುವ ಪಂದ್ಯ. ಈ ಅಪ್ಪನ ಪಕ್ಕೆಗಳೋ ಎಂಟು ತಿಂಗಳಿಂದ ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು.

"ನೋವಾಯ್ತಾ ಅಪ್ಪಾ?"

"ಇಲ್ಲ ಪುಟ್ಟಾ, ಏನೂ ಇಲ್ಲ."

"ಸುಳ್ಳು. ನಿನ್ ಮುಷ್ಟಿ ನೋಡು."

ನೋಡಿದ. ಅನ್ನದ ಉಂಡೆ ಅವನ ಬೆರಳ ಸಂದಿಗಳಿಂದ ಶ್ಯಾವಿಗೆಯಾಗಿ ಇಳಿಯುತ್ತಿತ್ತು.

"ಇವತ್ತೊಂದು ದಿನ ಕಣಮ್ಮಾ," ಎಂದ, ಶ್ಯಾವಿಗೆಯನ್ನು ಮತ್ತೆ ಉಂಡೆ ಮಾಡಿ ತನ್ನ ಡಬ್ಬಿಗೆ ಹಾಕಿಕೊಳ್ಳುತ್ತಾ. "ಸಾಯಂಕಾಲ ಕ್ಯೋಟೋದವರು ಬಂದು ದೊಡ್ಡಮ್ಮನ್ನ ಒಪ್ಪಿಕೊಂಡುಬಿಟ್ರೆ ನಾಳೆಯಿಂದ ನನ್ನನ್ನ ಯಾರೂ ಒತ್ತಲ್ಲ. ಹತ್ತು ದಿನದಲ್ಲಿ ಪಕ್ಕೆ ವಾಸಿಯಾಗತ್ತೆ. ಆಮೇಲೆ ನೋಡು, ಕುದುರೆ ಥರ ಓಡ್ತೀನಿ."

"ಆಣೆ?"

"ಆಣೆ."

ದೊಡ್ಡಮ್ಮ ಎಂದರೆ ಹಿಗಾಶಿ ಒಸಾಕಾದ ಗಲ್ಲಿಯಲ್ಲಿ ಆರೇ ಜನ ದುಡಿಯುವ ಕಿಶಿಗಾಮಿ ಕಾರ್ಖಾನೆಯ ರೋಬೋಟು. ಕಾಗದದ ಮೇಲೆ ಅದಕ್ಕೆ ಅಕ್ಷರ, ಅಂಕಿ, ಗೀಟು ಎಲ್ಲ ಸೇರಿದ ಉದ್ದನೆಯ ಹೆಸರಿತ್ತು. ಆದರೆ ಎರಡು ದಪ್ಪ ದಪ್ಪ ಮೆತ್ತನೆಯ ತೋಳು ಚಾಚಿಕೊಂಡು ಎದುರಿಗೆ ಬಂದವರನ್ನೆಲ್ಲ ಅಪ್ಪಿ ಎತ್ತುವ ವಸ್ತುವನ್ನು ದೊಡ್ಡಮ್ಮ ಅನ್ನದೆ ಇನ್ನೇನು ಅನ್ನುತ್ತಾರೆ? ಆ ತೋಳುಗಳ ಮೇಲಿನ ಚರ್ಮ ಮಿನೋಬೆಯ ಕೈಕೆಲಸ. ಚಕ್ಕುಲಿಯೊಳಗಿನ ಎಳ್ಳಿನಂತೆ ಅದರೊಳಗೆ ಸಾವಿರದಿನ್ನೂರು ಸೆನ್ಸರುಗಳು. ತೋಳು ಎಲ್ಲಿ ಎಷ್ಟು ಒತ್ತುತ್ತಿದೆ ಎಂಬುದು ಅದಕ್ಕೆ ಕೂದಲೆಳೆಯಷ್ಟು ಸರಿಯಾಗಿ ತಿಳಿಯುತ್ತಿತ್ತು. ತಿಳಿಯದೆ ಇದ್ದದ್ದು ಒಂದೇ: ಎಷ್ಟು ಒತ್ತಿದರೆ ಮನುಷ್ಯನಿಗೆ ನೋಯುತ್ತದೆ? ಅದನ್ನು ಮನುಷ್ಯನೇ ಹೇಳಬೇಕು.

ಎಂಟು ತಿಂಗಳು ಅದನ್ನು ಹೇಳಿದವನು ಮಿನೋಬೆ. ಅವನು ತೊಟ್ಟೋರಿಯ ಮರಳುದಿಬ್ಬದ ಕಡೆಯವನು. ಆ ಕಡೆಯ ಜನ ಇದ್ದದ್ದನ್ನು ಇದ್ದಷ್ಟೇ ಹೇಳಿ ಬಾಯಿ ಮುಚ್ಚಿಕೊಳ್ಳುತ್ತಾರೆ. ದೊಡ್ಡಮ್ಮ ಒತ್ತುತ್ತಾ ಬರಬೇಕು, ನೋಯಲು ಶುರುವಾದ ಕ್ಷಣಕ್ಕೆ ಸರಿಯಾಗಿ ಮಿನೋಬೆ "ನೋವು" ಅನ್ನಬೇಕು. ದಿನಕ್ಕೆ ನಲವತ್ತು ಸಲ. ಆದರೆ ಒಬ್ಬನ ಮೈ ನಂಬಿ ಆಸ್ಪತ್ರೆಗೆ ಯಂತ್ರ ಕಳಿಸಲಾಗುವುದಿಲ್ಲ, ಮೂವತ್ತು ಜನರಾದರೂ ಬೇಕು ಎಂಬುದು ನಿಯಮ. ಹಾಗಾಗಿ ಕ್ಯೋಟೋಗೆ ಇದರದೇ ಜೋಡಿ ಯಂತ್ರ ಹೋಯಿತು. ಹಾಗಾಗಿ "ಬಹಳ ಹಿತವಾಗಿತ್ತು".

"ಬಾರೋ ಮಿನೋಬೆ, ಕೊನೇ ಸಲ ಮಲಕ್ಕೋ," ಎಂದರು ಯಜಮಾನ ಕಿಶಿಗಾಮಿ, ಬೆಳಿಗ್ಗೆ ಒಂಬತ್ತಕ್ಕೆ. ಅವರ ತಂದೆ ಇದೇ ಮಾಡಿನ ಕೆಳಗೆ ಛತ್ರಿ ಕಡ್ಡಿ ಮಾಡುತ್ತಿದ್ದರು. ಛತ್ರಿಯಿಂದ ರೋಬೋಟಿಗೆ ಬಂದ ಹೆಮ್ಮೆ ಅವರ ಬೋಳುತಲೆಯಲ್ಲಿ ಸದಾ ಹೊಳೆಯುತ್ತಿತ್ತು. "ಸಾಯಂಕಾಲ ನಾಲ್ಕಕ್ಕೆ ಇಮಾದೆಗಾವಾ ಅಮ್ಮನವರು ಬರ್ತಾರೆ. ಕ್ಯೋಟೋದ ಐದೂ ಆರೈಕೆ ಮನೆ ಅವರ ಕೈಲಿ. ಅಷ್ಟರೊಳಗೆ ಒಂದು ಸಲ ನೋಡಿಬಿಡೋಣ."

ಮಿನೋಬೆ ಮಲಗಿದ. ದೊಡ್ಡಮ್ಮ ಬಂದಳು, ಬಾಗಿದಳು, ಅಪ್ಪಿಕೊಂಡಳು. ಅಪ್ಪಿಕೊಂಡಳು ಅಂದರೆ, ಏಳು ಜನ್ಮದ ಹಿಂದೆ ಕಳೆದುಹೋಗಿದ್ದ ಮಗ ಇವತ್ತು ಸಿಕ್ಕಿದ ಹಾಗೆ.

"ನೋವು!" ಎಂದ ಮಿನೋಬೆ.

ದೊಡ್ಡಮ್ಮ ಇನ್ನಷ್ಟು ಪ್ರೀತಿಯಿಂದ ಒತ್ತಿದಳು.

"ನೋ... ಯಜಮಾನ್ರೇ... ಕೆಂಪು ಗುಂಡಿ..."

"ಎಲ್ಲೋ ಅದು? ಇಲ್ಲೇ ಇತ್ತಲ್ಲೋ!" ಕಿಶಿಗಾಮಿ ಮೇಜಿನ ಕೆಳಗೆ ನೋಡಿದರು, ಯಂತ್ರದ ಹಿಂದೆ ನೋಡಿದರು, ಜೇಬು ಕೂಡ ತಡವಿಕೊಂಡರು. ಕೊನೆಗೆ ನೋಡಿದರೆ ಯಂತ್ರ ನಿಲ್ಲಿಸುವ ಆ ಕೆಂಪು ಗುಂಡಿಯ ಮೇಲೆ ಅವರದೇ ಟೋಪಿ ನೇತಾಡುತ್ತಿತ್ತು. ಮಿನೋಬೆ ಹಾಸಿಗೆಗೆ ಬಿದ್ದಾಗ ಹಿಂಡಿದ ನಿಂಬೆಹಣ್ಣಿನ ಹಾಗಿದ್ದ.

ಕಂಪ್ಯೂಟರಿನಲ್ಲಿ ಹುಡುಕಲು ಐದು ನಿಮಿಷ ಸಾಕಾಯಿತು. "ಯಜಮಾನ್ರೇ, ಮೂವತ್ತು ಜನ, ಏಳು ವಾರ. ಒಬ್ಬರೂ ನೋವು ಅಂದಿಲ್ಲ. ಎಲ್ಲ ನಂಬರಿನ ಮುಂದೂ 'ಬಹಳ ಹಿತ', 'ಬಹಳ ಹಿತ', 'ಬಹಳ ಹಿತ.'"

"ಒಳ್ಳೇದಲ್ವೇನೋ?"

"ಈ ಸುಗಿತಾನಿ ಅನ್ನೋರನ್ನ ನೋಡಿ. ಎಂಬತ್ತನಾಲ್ಕು ವರ್ಷ. ಆರನೇ ವಾರ ಅವರನ್ನ ಒತ್ತಿರೋ ಒತ್ತಡಕ್ಕೆ ನಾನಾಗಿದ್ರೆ ಅಮ್ಮಾ ಅಂತ ಕೂಗಿರ್ತಿದ್ದೆ. ಅವರು ಹೇಳಿರೋದು, 'ಸ್ವರ್ಗದಲ್ಲಿದ್ದ ಹಾಗಿತ್ತು.'"

ಕಿಶಿಗಾಮಿ ಸ್ವಲ್ಪ ಹೊತ್ತು ತಲೆ ಸವರಿಕೊಂಡರು. "ಕ್ಯೋಟೋದವರನ್ನ ಕೇಳಿದ್ದೇ ತಪ್ಪು. ಅವರ ಕಾಲ ಮೇಲೆ ಲಾರಿ ಹತ್ತಿದ್ರೂ 'ಚಕ್ರ ಎಷ್ಟು ಚೆನ್ನಾಗಿದೆ' ಅಂತಾರೆ. ನಮ್ಮ ಗಲ್ಲಿ ಜನಾನ್ನ ಕರಿ. ಒಸಾಕಾದವರು ಮನಸ್ಸಲ್ಲಿ ಏನೂ ಇಟ್ಕೊಳ್ಳಲ್ಲ. ನೋವಾದ್ರೆ ನೋವು ಅಂತಾರೆ."

ಆ ಮಾತು ಮುಗಿಯುವ ಮೊದಲೇ ಫುಕು ಅಜ್ಜಿ ಒಳಗಿದ್ದರು. ಎದುರು ಅಂಗಡಿಯಲ್ಲಿ ನಲವತ್ತು ವರ್ಷದಿಂದ ಕಾವಲಿಯ ಮೇಲೆ ಒಕೊನೊಮಿಯಾಕಿ ಎಂಬ ಎಲೆಕೋಸಿನ ದಪ್ಪ ದೋಸೆ ಹುಯ್ಯುವ ಅವರಿಗೆ ಗಲ್ಲಿಯ ಯಾವ ಮಾತೂ ಎರಡನೇ ಸಲ ಹೇಳಬೇಕಾಗಿರಲಿಲ್ಲ. ಐದು ತಿಂಗಳಿಂದ ಶಾಲೆ ಬಿಟ್ಟ ಮೇಲೆ ಕೊಹಾರುವನ್ನು ಕೂರಿಸಿಕೊಂಡು, ತಿನ್ನಿಸಿ, ಪಾಠ ಓದಿಸಿ, ಸಂಜೆ ಅಪ್ಪನ ಕೈಗೆ ಒಪ್ಪಿಸುತ್ತಿದ್ದವರೂ ಅವರೇ. ಅವರನ್ನು ನೆನೆದರೆ ಮಿನೋಬೆಯ ಸೊಂಟ ತಾನಾಗಿ ಬಾಗುತ್ತಿತ್ತು. ಅವರ ಹಿಂದೆಯೇ ಕ್ಷೌರದಂಗಡಿಯ ಬಾನ್ನೊ, ಬಾನ್ನೊ ಹಿಂದೆ ಬಾಯಲ್ಲಿ ರಬ್ಬರ್ ಚೆಂಡು ಕಚ್ಚಿಕೊಂಡ ಅವನ ನಾಯಿ ಮೊಚಿ, ಅದರ ಹಿಂದೆ ಗಲ್ಲಿಯ ಇನ್ನೂ ಹತ್ತು ಜನ.

"ನಮ್ಮ ಮಿನೋಬೆಗೋಸ್ಕರ ಅಂದ್ರೆ ಪ್ರಾಣಾನೇ ಕೊಡ್ತೀನಿ," ಎಂದು ಅಜ್ಜಿ ಚಪ್ಪಲಿ ಬಿಟ್ಟು ಹಾಸಿಗೆ ಹತ್ತಿದರು.

ಅದು ಬರೀ ಮಾತಲ್ಲ ಎಂದು ಬೇಗನೆ ತಿಳಿಯಿತು. ದೊಡ್ಡಮ್ಮನ ತೋಳು ಇನ್ನೂ ಒಂದು ಗೇಣು ದೂರದಲ್ಲಿತ್ತು.

"ಅಯ್ಯಯ್ಯಯ್ಯೋ! ಸತ್ತೆ ಕಣ್ರೋ! ಮಿನೋಬೆ... ಹತ್ರ ಬಾರಪ್ಪಾ... ನನ್ನ ಕಾವಲಿ ಕೊಹಾರುಗೆ ಕೊಡು... ಸಾಸಿನ ಗುಟ್ಟು ಮಾತ್ರ... ನನ್ನ ಜೊತೇಗೇ..." ಅಜ್ಜಿಯ ಕತ್ತು ಪಕ್ಕಕ್ಕೆ ವಾಲಿತು. ಗಲ್ಲಿಯವರು ಚಪ್ಪಾಳೆ ತಟ್ಟಿದರು.

"ಅಜ್ಜಿ, ಅದು ಇನ್ನೂ ಮುಟ್ಟೇ ಇಲ್ಲ."

ಅಜ್ಜಿ ಒಂದು ಕಣ್ಣು ಬಿಟ್ಟರು. "ಮುಟ್ಟಿಲ್ವಾ? ಮುಂಚೇನೇ ಹೇಳಬಾರದೇನೋ! ಇರು, ಇನ್ನೊಂದ್ಸಲ ಸಾಯ್ತೀನಿ."

ಮಿನೋಬೆ ಇದನ್ನು ಮೊದಲೇ ಯೋಚಿಸಬೇಕಿತ್ತು. ಒಸಾಕಾದಲ್ಲಿ ಗುರುತಿಲ್ಲದವನ ಕಡೆ ಬೆರಳು ತೋರಿಸಿ "ಢಂ" ಅಂದರೂ ಅವನು ಎದೆ ಹಿಡಿದುಕೊಂಡು ಬೀಳುತ್ತಾನೆ. ಬೀಳದಿದ್ದರೆ ಮನೆಯವರು ಸರಿಯಾಗಿ ಬೆಳೆಸಿಲ್ಲ ಎಂದೇ ಅರ್ಥ. ಅಂಥ ಊರಿನಲ್ಲಿ ನಿಜವಾದ ಯಂತ್ರ, ನಿಜವಾದ ಹಾಸಿಗೆ, ನೋಡಲು ಹನ್ನೆರಡು ಜನ. ಬಿಡುತ್ತಾರೆಯೇ?

ಬಾನ್ನೊ ಅಜ್ಜಿಗಿಂತ ಕಡಿಮೆಯಾಗಲು ಒಪ್ಪಲಿಲ್ಲ. ತೋಳು ಮೊಣಕೈಗೆ ತಾಗಿದ್ದೇ ತಡ ಹಾಸಿಗೆಯಿಂದ ಎದ್ದು ನಿಂತು, ಮೂರು ಸುತ್ತು ತಿರುಗಿ, ಚಹದ ತಟ್ಟೆಯ ಮೇಲೆ ಬಿದ್ದು ಸತ್ತ. ಅವನ ನಂತರದವಳು ಹೆಂಡತಿಯನ್ನು ಬಿಟ್ಟು ಯುದ್ಧಕ್ಕೆ ಹೊರಟ ಸೈನಿಕನಾಗಿ ಸತ್ತಳು. ಅವಳ ಗಂಡ ಆ ಹೆಂಡತಿಯಾಗಿ ಸತ್ತ. ಹನ್ನೊಂದೂವರೆಯ ಹೊತ್ತಿಗೆ ಕಾರ್ಖಾನೆ ತುಂಬ ಹೆಣಗಳು, ಹೆಣಗಳೆಲ್ಲ ನಗುತ್ತಿದ್ದವು. ಯಜಮಾನರೂ ಒಂದು ಸಲ ಸತ್ತು ನೋಡಿದರು.

ಈ ಹೊಸ ಪಾಠ ತುಂಬಿದ ಮೇಲೆ ದೊಡ್ಡಮ್ಮ ಮಿನೋಬೆಯ ಹತ್ತಿರ ಬಂದಳು, ಅವನ ಅಂಗಿಯ ಗುಂಡಿ ತಾಗಿದ್ದೇ ಎರಡೂ ತೋಳು ಮೇಲೆತ್ತಿ, ಮಡಿಯುಟ್ಟ ಮುದುಕಿ ಬೀದಿಯಲ್ಲಿ ಸರಿದು ನಿಲ್ಲುವಂತೆ ಗೋಡೆಗೆ ಹೋಗಿ ನಿಂತುಬಿಟ್ಟಳು.

"ಬೆಳಿಗ್ಗೇದು ಇದು ಎರಡೂ ಕೂಡಿಸಿ ಅರ್ಧ ಮಾಡಿಬಿಡೋ," ಎಂದರು ಕಿಶಿಗಾಮಿ.

"ಯಜಮಾನ್ರೇ, ನೋವಿಲ್ಲ ಅನ್ನೋ ಮೂವತ್ತು ಸುಳ್ಳಿಗೆ ಸತ್ತೆ ಅನ್ನೋ ಹದಿಮೂರು ಸುಳ್ಳು ಸೇರಿಸಿದ್ರೆ ನಲವತ್ತಮೂರು ಸುಳ್ಳಾಗತ್ತೆ. ನಿಜ ಆಗಲ್ಲ."

ಮಧ್ಯಾಹ್ನವಾಯಿತು. ಸತ್ತವರಿಗೆಲ್ಲ ಹಸಿವಾಗಿತ್ತು. ಫುಕು ಅಜ್ಜಿ ಎದ್ದು ಹೋಗಿ ಕಾವಲಿಯಿಂದ ಹಬೆಯಾಡುವ ಒಕೊನೊಮಿಯಾಕಿ ತಂದು ಎಲ್ಲರಿಗೂ ಕೊಯ್ದು ಕೊಟ್ಟರು. ಮಿನೋಬೆ ಒಂದು ಮೂಲೆಯಲ್ಲಿ ಕೂತು ತನ್ನ ಡಬ್ಬಿ ತೆರೆದ. ಒಳಗೆ ಬೆಳಗಿನ ಆ ಉಂಡೆ ಇತ್ತು. ಮತ್ತೆ ಉಂಡೆ ಮಾಡಿದ್ದರೂ ಅದರ ಮೇಲೆ ಅವನ ನಾಲ್ಕು ಬೆರಳ ಗುರುತು ಆಳವಾಗಿ ಹಾಗೇ ಉಳಿದಿತ್ತು. ಅವನ ಬಾಯಿ "ಏನೂ ಇಲ್ಲ" ಅಂದಿತ್ತು. ಅನ್ನ ಬೇರೆ ಹೇಳುತ್ತಿತ್ತು.

ಮಿನೋಬೆ ಆ ಉಂಡೆಯನ್ನೇ ನೋಡುತ್ತಾ ಎದ್ದು ನಿಂತ.

"ಬಾನ್ನೊ, ಸ್ವಲ್ಪ ನಿನ್ನ ನಾಯೀ ಚೆಂಡು ಕೊಡು."

"ನನ್ನನ್ನ ಯಾಕೆ ಕೇಳ್ತೀಯ? ಅವನನ್ನ ಕೇಳು."

ಮೊಚಿಯನ್ನು ಒಪ್ಪಿಸಲು ಅರ್ಧ ಒಕೊನೊಮಿಯಾಕಿ ಬೇಕಾಯಿತು. ಚೆಂಡಿನ ಒಳಗೆ ಅಂಗೈಯಗಲ ಸೆನ್ಸರ್ ಚರ್ಮ ತೂರಿಸಿ, ತಂತಿ ಎಳೆದು, ದೊಡ್ಡಮ್ಮನಿಗೆ ಕಟ್ಟಲು ಎರಡು ಗಂಟೆ ಹಿಡಿಯಿತು. ಯಂತ್ರಕ್ಕೆ ಹೊಸ ನಿಯಮ ಒಂದೇ: ಬಾಯಿ ಏನಾದರೂ ಹೇಳಲಿ, ಕಿವಿಗೊಡಬೇಡ. ಕೈ ಬಿಗಿಯಾದರೆ ಸಡಿಲಿಸು, ಇನ್ನೂ ಬಿಗಿಯಾದರೆ ಮೆಲ್ಲಗೆ ಕೆಳಗಿಳಿಸಿ ದೂರ ಸರಿ. ಕೈ ಸಡಿಲವಾದರೆ ಅಪ್ಪಿ ಎತ್ತು.

ಫುಕು ಅಜ್ಜಿ ಚೆಂಡು ಹಿಡಿದು ಮಲಗಿದರು. "ಅಯ್ಯಯ್ಯೋ, ಸತ್ತೆ!" ಎಂದು ಬಾಯಿ ಬಡಿದುಕೊಂಡರು, ಕೈ ಮಾತ್ರ ಚೆಂಡಿನ ಮೇಲೆ ಬಿರಿದ ದಾಸವಾಳದ ಹಾಗೆ ಆರಾಮಾಗಿತ್ತು. ದೊಡ್ಡಮ್ಮ ನಿಲ್ಲದೆ ಅಜ್ಜಿಯನ್ನು ಎತ್ತಿದಳು. ಎತ್ತುವಾಗ ಎಲ್ಲೋ ಮಂಡಿಯ ಹಿಂದೆ ತೋಳು ಒತ್ತಿತು. ಅಜ್ಜಿಯ ಬಾಯಿ ಗಪ್ಪನೆ ಮುಚ್ಚಿತು, ಬೆರಳು ಚೆಂಡಿನೊಳಗೆ ಇಳಿಯಿತು, ದೊಡ್ಡಮ್ಮ ತಕ್ಷಣ ಸಡಿಲಿಸಿದಳು.

"ಅಜ್ಜಿ, ಈಗ ನೋವಾಯ್ತಾ?"

"...ಚೂರು," ಎಂದರು ಅಜ್ಜಿ, ಅವರದಲ್ಲ ಅನ್ನಿಸುವಷ್ಟು ಸಣ್ಣ ದನಿಯಲ್ಲಿ. ಆಮೇಲೆ ಆ ದೊಡ್ಡ ತೋಳನ್ನು ನೇವರಿಸಿದರು. "ಆ ಮಂಡಿ ಹನ್ನೊಂದು ವರ್ಷದಿಂದ ನೋಯತ್ತಪ್ಪಾ. ನಾನು ಬಾಯಿ ಬಡ್ಕೊಳ್ಳೋದು ಎಲ್ರಿಗೂ ತಮಾಷೆ. ಯಾರೂ ಇಷ್ಟು ಬೇಗ ನಂಬಿರಲಿಲ್ಲ."

ಮಿನೋಬೆಯ ಸೊಂಟ ತಾನಾಗಿ ಬಾಗಿತು.

ನಾಲ್ಕಕ್ಕೆ ಸರಿಯಾಗಿ ಇಮಾದೆಗಾವಾ ಅಮ್ಮನವರು ಬಂದರು. ಬೂದಿ ಬಣ್ಣದ ಕಿಮೋನೊ, ತೂಕಕ್ಕಿಟ್ಟ ಹಾಗೆ ಅಳೆದ ನಗು. ಅವರ ಜೊತೆ ಗಾಲಿಕುರ್ಚಿಯಲ್ಲಿ ಒಬ್ಬ ತೆಳ್ಳನೆಯ ಮುದುಕರು: ಸ್ವರ್ಗದಲ್ಲಿದ್ದ ಹಾಗಿತ್ತು ಎಂದಿದ್ದ ಸುಗಿತಾನಿ, ಒಂದು ಕಾಲದಲ್ಲಿ ರೇಷ್ಮೆಗೆ ಬಣ್ಣ ಹಾಕುತ್ತಿದ್ದವರು. ಕಿಶಿಗಾಮಿ ಗಲ್ಲಿಯವರ ಕೈಕಾಲು ಹಿಡಿದು ಹೊರಗೆ ಕಳಿಸಿ ಅರ್ಧ ಷಟರ್ ಎಳೆದಿದ್ದರು. ಷಟರಿನ ಕೆಳಗೆ ಸಾಲಾಗಿ ಇಪ್ಪತ್ತನಾಲ್ಕು ಮನುಷ್ಯರ ಕಾಲು, ನಾಲ್ಕು ನಾಯಿಯ ಕಾಲು ಕಾಣುತ್ತಿದ್ದವು.

ಇಮಾದೆಗಾವಾ ಅಮ್ಮನವರು ಚೆಂಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ನೋಡಿದರು. "ಎಷ್ಟು ಯೋಚಿಸಿ ಮಾಡಿದ್ದೀರಿ. ವಯಸ್ಸಾದವರ ಬೆರಳಿಗೆ ಹಿಡಿತ ಸಿಗಲೆಂದು ಈ ಸಣ್ಣ ಸಣ್ಣ ಗುಳಿಗಳು ಬೇರೆ."

ಅವು ಮೊಚಿಯ ಹಲ್ಲಿನ ಗುರುತುಗಳು. ಷಟರಿನ ಹಿಂದೆ ಗುರ್ ಎಂಬ ಸದ್ದು ಬಂತು.

"ಅದು... ಬಹಳ ವರ್ಷದ ಶ್ರಮ," ಎಂದರು ಕಿಶಿಗಾಮಿ.

ಸುಗಿತಾನಿಯವರನ್ನು ಹಾಸಿಗೆಗೆ ಮಲಗಿಸಿ ಕೈಗೆ ಚೆಂಡು ಕೊಟ್ಟರು. ದೊಡ್ಡಮ್ಮ ಬಾಗಿ ತೋಳು ಹಾಕಿದಳು.

"ಬಹಳ ಹಿತವಾಗಿದೆ," ಎಂದರು ಸುಗಿತಾನಿ, ನಗುತ್ತಾ. ಬೆರಳುಗಳು ಚೆಂಡನ್ನು ಹಿಂಡುತ್ತಿದ್ದವು. ದೊಡ್ಡಮ್ಮ ಆ ನಗುವಿಗೆ ಮರುಳಾಗಲಿಲ್ಲ. ತೋಳು ಸಡಿಲಿಸಿದಳು, ಬೆನ್ನಿನ ಕೆಳಗೆ ಒಂದು ಅಂಗುಲ ಸರಿಸಿದಳು, ಕಾಯ್ದಳು. ಬೆರಳು ಇನ್ನೂ ಬಿಗಿ. ಇನ್ನೊಂದು ಅಂಗುಲ ಸರಿಸಿದಳು. ಮುದುಕರ ಬೆರಳು ಒಂದೊಂದಾಗಿ ಬಿಚ್ಚಿಕೊಂಡವು. ದೊಡ್ಡಮ್ಮ ಅವರನ್ನು ನೀರಿನಿಂದ ರೇಷ್ಮೆ ಎತ್ತುವ ಹಾಗೆ ಎತ್ತಿ ಕುರ್ಚಿಗೆ ಇಳಿಸಿದಳು.

ಸುಗಿತಾನಿ ಸ್ವಲ್ಪ ಹೊತ್ತು ತಮ್ಮ ತೆರೆದ ಅಂಗೈಯನ್ನೇ ನೋಡಿದರು.

"ಬಹಳ ಹಿತವಾಗಿದೆ," ಎಂದರು ಮತ್ತೆ. ಕಣ್ಣು ಒದ್ದೆಯಾಗಿತ್ತು. "ಕ್ಷಮಿಸಬೇಕು, ಏಳು ವಾರ ಇದೇ ಮಾತು ಹೇಳಿದ್ದೆ. ಅದು ಇವತ್ತು ನಿಜವಾಯಿತು." ಕುರ್ಚಿಯಲ್ಲಿ ಕೂತಲ್ಲಿಂದಲೇ ಅವರು ದೊಡ್ಡಮ್ಮನಿಗೆ ತಲೆಬಾಗಿ ನಮಸ್ಕರಿಸಿದರು. ಷಟರಿನ ಹಿಂದೆ ಯಾರೋ ಜೋರಾಗಿ ಮೂಗು ಸೀಟಿದರು.

ಇಮಾದೆಗಾವಾ ಅಮ್ಮನವರ ಅಳೆದಿಟ್ಟ ನಗು ಮೊದಲ ಸಲ ಸ್ವಲ್ಪ ಅಳತೆ ತಪ್ಪಿತು. "ನಲವತ್ತು ಬೇಕಾಗುತ್ತವೆ," ಎಂದರು. "ಐದೂ ಮನೆಗಳಿಗೆ ಸೇರಿ."

ಕಿಶಿಗಾಮಿ ಮೇಜು ಹಿಡಿದುಕೊಂಡು ನಿಂತರು. ಮಿನೋಬೆಗೆ ಅಲ್ಲೇ ನಿಂತಲ್ಲೇ ಪಕ್ಕೆಯ ನೋವು ಇಳಿದ ಹಾಗಾಯಿತು. ಹತ್ತು ದಿನ. ಕುದುರೆಯ ಥರ ಓಡಬಹುದು.

"ಒಂದೇ ಒಂದು," ಎಂದರು ಇಮಾದೆಗಾವಾ. "ಮಾಡಿದವರನ್ನೇ ಎತ್ತುವುದನ್ನು ಒಮ್ಮೆ ನೋಡುವ ಆಸೆ. ತೊಂದರೆಯಾಗದಿದ್ದರೆ."

ಕೊನೆಯ ಸಲವಲ್ಲವೇ ಎಂದು ಮಿನೋಬೆ ಹುರುಪಿನಿಂದಲೇ ಮಲಗಿ ಚೆಂಡು ಹಿಡಿದ. ದೊಡ್ಡಮ್ಮ ಒತ್ತುತ್ತಾ ಬಂದಳು. "ನೋವು," ಎಂದ, ಎಂಟು ತಿಂಗಳ ಅಭ್ಯಾಸದಂತೆ. ಅದೇ ಕ್ಷಣಕ್ಕೆ ಪರದೆಯ ಮೇಲೆ ಅವನ ಮುಷ್ಟಿಯ ಗೆರೆಯೂ ಎದ್ದಿತು. ದೊಡ್ಡಮ್ಮ ಸಡಿಲಿಸಿದಳು, ಗೆರೆ ಇಳಿಯಿತು, ಅವನನ್ನು ಮೇಲೆತ್ತಿದಳು. ಇಮಾದೆಗಾವಾ ಪರದೆಯ ಹತ್ತಿರ ಹೋಗಿ ಕನ್ನಡಕ ಹಾಕಿಕೊಂಡು ನೋಡಿದರು.

"ಅಪರೂಪ," ಎಂದರು. "ನಮ್ಮಲ್ಲಿ ಬಾಯಿ ಹಿತ ಅನ್ನುತ್ತದೆ, ಕೈ ಬೇರೆ ಹೇಳುತ್ತದೆ. ಈ ಊರಿನ ಸಂಗತಿಯೂ..." ಷಟರಿನ ಕೆಳಗಿನ ಕಾಲುಗಳ ಕಡೆ ಒಮ್ಮೆ ನೋಡಿದರು, "...ಕೇಳಿ ಬಲ್ಲೆ. ಬಾಯಿ, ಕೈ ಎರಡೂ ಒಂದೇ ಮಾತಾಡುವವರು ತಾವೊಬ್ಬರೇ ಸಿಕ್ಕಿದಿರಿ. ಹಾಗಾಗಿ ನನ್ನದೊಂದು ಸ್ವಾರ್ಥದ ಬೇಡಿಕೆ. ನಲವತ್ತು ಯಂತ್ರಗಳಲ್ಲಿ ಪ್ರತಿಯೊಂದೂ ನಮ್ಮಲ್ಲಿಗೆ ಬರುವ ಮೊದಲು ತಮ್ಮನ್ನು ಎತ್ತಿ ಇಳಿಸಿ ಕಲಿಯಲಿ. ತಿಂಗಳಿಗೆ ಒಂದು ಕಳಿಸಿದರೂ ಸಾಕು, ಅವಸರವಿಲ್ಲ. ತಮಗೇನಾದರೂ ತೊಂದರೆಯಾದೀತೇ?"

ಮಿನೋಬೆ ಆಗ ನೆಲದಿಂದ ಮೂರಡಿ ಮೇಲೆ, ದೊಡ್ಡಮ್ಮನ ತೋಳಿನಲ್ಲಿ ಮಗುವಿನ ಹಾಗೆ ಮಲಗಿದ್ದ. ಯಜಮಾನರು ಎರಡೂ ಕೈ ಮುಗಿದು ಅವನನ್ನೇ ನೋಡುತ್ತಿದ್ದರು. ಇಂಥ ಪ್ರಶ್ನೆಗೆ ಪ್ರತಿಯೊಬ್ಬನೂ ತಾಯಿಯ ಹೊಟ್ಟೆಯಲ್ಲೇ ಕಲಿತು ಬಂದ ಉತ್ತರವೊಂದಿದೆ. ಇದ್ದದ್ದನ್ನು ಇದ್ದಷ್ಟೇ ಹೇಳುವ ತೊಟ್ಟೋರಿಯ ಬಾಯಿಗೂ ಅದು ತಪ್ಪಲಿಲ್ಲ.

"ಛೆ ಛೆ, ಎಂಥ ತೊಂದರೆ! ಅದು ನನ್ನ ಭಾಗ್ಯ," ಎಂದಿತು ಬಾಯಿ.

ಮುಷ್ಟಿಯೊಳಗೆ ಮೊಚಿಯ ಚೆಂಡು ಚಪಾತಿಯಾಯಿತು.

ಪರದೆಯ ಮೇಲೆ ಗೆರೆ ನೆಟ್ಟಗೆ ಮೇಲಕ್ಕೆ ಹೋಗಿ, ಮೇಲಿನ ಅಂಚು ಮುಟ್ಟಿ, ಅಲ್ಲೇ ನಿಂತಿತು. ದೊಡ್ಡಮ್ಮ ತಟ್ಟನೆ ನಿಂತಳು. ತೋಳು ಸಡಿಲಿಸಿದಳು. ನಿದ್ದೆ ಹೋದ ಕೂಸನ್ನು ತಾಯಿ ಮಲಗಿಸುವಷ್ಟು ನಿಧಾನವಾಗಿ ಅವನನ್ನು ಹಾಸಿಗೆಗೆ ಇಳಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

ಎಲ್ಲರೂ ಪರದೆ ನೋಡಿದ್ದರು. ಎಲ್ಲರಿಗೂ ಅರ್ಥವಾಗಿತ್ತು.

ಇಮಾದೆಗಾವಾ ಅಮ್ಮನವರು ನಿಧಾನವಾಗಿ ಕನ್ನಡಕ ತೆಗೆದು ಕಿಟಕಿಯ ಕಡೆ ತಿರುಗಿದರು. "ಮೋಡ ಕವಿದ ಹಾಗಿದೆ, ಅಲ್ಲವೇ?"

"ಹೌದು, ಹೌದು. ಮಳೆ ಬಂದೀತು," ಎಂದರು ಸುಗಿತಾನಿ. ಕಿಟಕಿಯಿಂದ ಬರುತ್ತಿದ್ದ ಬಿಸಿಲಿಗೆ ಅವರು ಕಣ್ಣು ಕಿರಿದು ಮಾಡಬೇಕಾಯಿತು.

ಕಿಶಿಗಾಮಿ ಪರದೆ ಕಾಣದಷ್ಟು ಆಳಕ್ಕೆ ಬಾಗಿ ವಂದಿಸಿದರು, ಏಳಲೇ ಇಲ್ಲ.

ಕ್ಯೋಟೋದವರು ಹೀಗೆ ನಿಭಾಯಿಸಿದರು. ಒಸಾಕಾದವರಿಗೆ ಕಂಡದ್ದನ್ನು ಕಾಣದ ಹಾಗೆ ಇರುವುದು ಸಾಧ್ಯವಿಲ್ಲ. ಷಟರಿನ ಕೆಳಗಿನಿಂದ ಫುಕು ಅಜ್ಜಿಯ ತಲೆ ತೂರಿ ಬಂತು. "ಏನ್ರೀ ಅದು! ಅವನ ಮುಷ್ಟಿ ನೋ..." ಎನ್ನುವಷ್ಟರಲ್ಲಿ ಅಜ್ಜಿಗೆ ನೆಲಕ್ಕೆ ಬಾಗಿದ ಕಿಶಿಗಾಮಿಯ ಬೋಳುತಲೆ ಕಂಡಿತು. ಛತ್ರಿ ಕಡ್ಡಿಯ ಕಾಲದಿಂದ ಕಂಡ ತಲೆ. ನಲವತ್ತು ಯಂತ್ರ. ಅಜ್ಜಿ ಮಿನೋಬೆಯ ಕಡೆ ಒಂದು ಸಲ ನೋಡಿದರು, ಮಗನನ್ನು ನೋಡುವ ಹಾಗೆ. ಆಮೇಲೆ ಎದೆ ಹಿಡಿದುಕೊಂಡರು.

"ಅಯ್ಯಯ್ಯಯ್ಯೋ! ಸತ್ತೆ ಕಣ್ರೋ!"

ಆ ಊರು ಈ ಊರು ಎನ್ನದೆ ಎಲ್ಲರೂ ಬದುಕಿಕೊಂಡೆವು ಎಂಬಂತೆ ಸತ್ತ ಅಜ್ಜಿಯ ಕಡೆ ಓಡಿದರು. ಸುಗಿತಾನಿಯವರೂ ಗಾಲಿ ತಿರುಗಿಸಿಕೊಂಡು ಹೋದರು. ಇಮಾದೆಗಾವಾ ಅಮ್ಮನವರು ಅಜ್ಜಿಯ ಕೈ ಹಿಡಿದು ನಾಡಿ ನೋಡಿ, "ಎಷ್ಟು ಸೊಗಸಾಗಿ ಸತ್ತಿದ್ದಾರೆ," ಎಂದರು.

ಮಿನೋಬೆ ಒಬ್ಬನೇ ಹಾಸಿಗೆಯ ಮೇಲೆ ಉಳಿದ. ಎರಡು ಹೆಜ್ಜೆ ಆಚೆ ದೊಡ್ಡಮ್ಮ ತೋಳು ತೆರೆದು, ಮುಂದೆ ಬಾರದೆ, ಅವನ ಕೈಯನ್ನೇ ಕಾಯುತ್ತಾ ನಿಂತಿದ್ದಳು. ಇಡೀ ಕಾರ್ಖಾನೆಯಲ್ಲಿ ಅವನ ಮಾತು ಕೇಳಿಸಿಕೊಂಡವಳು ಅವಳೊಬ್ಬಳೇ. ಅವಳಿಗೆ ಹಾಗೆ ಕಲಿಸಿದ್ದು ತಾನೇ.

"ಉಪಕಾರವಾಯ್ತು ದೊಡ್ಡಮ್ಮಾ," ಎಂದು ಪಿಸುಗುಟ್ಟಿದ. ಮನಸ್ಸು ಹಗುರಾಯಿತು. ಬೆರಳು ಸಡಿಲವಾಯಿತು.

ಕೈ ಸಡಿಲವಾದದ್ದನ್ನು ಕಂಡ ದೊಡ್ಡಮ್ಮ ನಿಯಮದಂತೆ ಮುಂದೆ ಬಂದು ಮತ್ತೆ ಅಪ್ಪಿಕೊಂಡಳು.

ಸಂಜೆ ಆರಕ್ಕೆ ಕೊಹಾರು ಅಜ್ಜಿಯ ಅಂಗಡಿಯಲ್ಲಿ, ಕಾವಲಿಯ ಮುಂದಿನ ಎತ್ತರದ ಪೀಠದಲ್ಲಿ ಕಾಲಾಡಿಸುತ್ತಾ ಕೂತಿದ್ದಳು. ಅಜ್ಜಿ ಮಿನೋಬೆಯ ಮುಖ ನೋಡದೆ ಅವನ ತಟ್ಟೆಗೆ ಎರಡು ಪಾಲು ಹಾಕಿದರು. ಅವನು ಎಂದಿನಂತೆ ಸೊಂಟ ಬಾಗಿಸಿ ವಂದಿಸಿದ. ಸ್ವಲ್ಪ ಕಷ್ಟವಾಯಿತು, ಆದರೂ ಮನಸಾರೆ ಬಾಗಿಸಿದ.

ಮನೆಗೆ ಹೋಗುವ ದಾರಿಯಲ್ಲಿ ಕೊಹಾರು ಕೇಳಿದಳು, "ಒಪ್ಪಿಕೊಂಡ್ರಾ ಅಪ್ಪಾ?"

"ಒಪ್ಪಿಕೊಂಡ್ರು ಕಣಮ್ಮಾ. ತುಂಬ ಒಳ್ಳೇ ಜನ."

"ಹಂಗಾದ್ರೆ ಇನ್ಮೇಲೆ ನಿನ್ನ ಒತ್ತಲ್ವಾ?"

"ಇಲ್ಲ... ಅಂಥದ್ದೇನೂ ಇಲ್ಲ."

ಕೊಹಾರು ನಿಂತಳು. ಅಪ್ಪನ ಕೈ ಹಿಡಿದು ದೀಪದ ಬೆಳಕಿಗೆ ತಿರುಗಿಸಿ ನೋಡಿದಳು. ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತನ್ನ ಕೈಯನ್ನು ಒಳಗಿಟ್ಟಳು.

"ಇನ್ನೂ ಎಷ್ಟು ದೊಡ್ಡಮ್ಮಂದಿರು?"

"ನಲವತ್ತು," ಎಂದ ಮಿನೋಬೆ.